ವಲ್ಲಿಯ ಕೆಳಗಿನ ಕೈ

ಹೆಂಚಿನ ಮೇಲಿನ ಜೋಳದ ರೊಟ್ಟಿಗೆ ನೀರು ಸವರಿ, ಇನ್ನೇನು ಮಗುಚಬೇಕು ಎನ್ನುವಷ್ಟರಲ್ಲಿ ಪಡಸಾಲೆಯಿಂದ ಭೀಮಕ್ಕನ ದನಿ ಬಂತು.

“ಅಮ್ಮಾರ, ನಮ್ಮ ಸಾಮಾನು ಹೊರಗ ಹಾಕಾಕ ಹತ್ಯಾರ.”

ಬೇರೆ ಯಾರಾದರೂ ಆಗಿದ್ದರೆ ರೊಟ್ಟಿಯನ್ನು ಹೆಂಚಿನ ಮೇಲೇ ಬಿಟ್ಟು ಓಡುತ್ತಿದ್ದರು. ಪಂಪಮ್ಮ ಅದನ್ನು ಮಗುಚಿದಳು, ಬಟ್ಟೆಯಿಂದ ಅಂಚು ಒತ್ತಿ ಉಬ್ಬಿಸಿದಳು, ಬುಟ್ಟಿಗೆ ಹಾಕಿದಳು. ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆಳೆದು ನೀರು ಚಿಮುಕಿಸಿದಳು. ಅವಸರದಲ್ಲಿ ಬೇಯಿಸಿದ ರೊಟ್ಟಿಯೂ ಅವಸರದಲ್ಲಿ ಹಿಡಿದ ಕಳ್ಳನೂ ಯಾರ ಉಪಯೋಗಕ್ಕೂ ಬರುವುದಿಲ್ಲ ಎನ್ನುವುದು ಅವಳ ನಂಬಿಕೆ.

ಆದವಾನಿಯ ಪೇಟೆಯಲ್ಲಿ ಏನಾದರೂ ಕಳೆದರೆ ಜನ ಮೊದಲು ಪೊಲೀಸ್ ಠಾಣೆಗೆ ಹೋಗುತ್ತಿದ್ದರು, ಆಮೇಲೆ ಪಂಪಮ್ಮನ ಪಡಸಾಲೆಗೆ. ಈಚೆಗೆ ಠಾಣೆಯ ದಾರಿ ಬಿಟ್ಟು ನೇರವಾಗಿ ಇಲ್ಲಿಗೇ ಬರುವವರು ಹೆಚ್ಚಾಗಿದ್ದರು.

ಭೀಮಕ್ಕ ಕಳೆದುಕೊಂಡದ್ದು ಗಂಡನನ್ನು. ಹಾಲಹರವಿ ಕಡೆ ಕುರಿ ಮಾರಿ ಬಂದು, ಆದವಾನಿಯ ಹತ್ತಿ ಗಿರಣಿಯ ಗೋಡೆಗೆ ಅಂಟಿದಂತೆ ಒಂದು ಸಣ್ಣ ಮನೆ ಕೊಂಡಿದ್ದ ಪಕೀರಪ್ಪ, ಹೋದ ಅಮಾವಾಸ್ಯೆಯ ಮುಂಜಾನೆ ಹೊರಟವನು ತಿರುಗಿ ಬಂದಿರಲಿಲ್ಲ. ಅವನು ಹೋದ ಮೇಲೆ ಊರಿಗೆ ತಿಳಿದದ್ದು, ಅವನು ಆ ಮನೆಯನ್ನು ಮಾರಿದ್ದಾನೆ ಎಂದು.

“ಕೂಡು. ಮೊದಲು ಹುಡುಗಿಗೆ ರೊಟ್ಟಿ ಕೊಡು,” ಎಂದಳು ಪಂಪಮ್ಮ.

“ಆಕಿ ಎಲ್ಲಿ ತಿಂತಾಳ್ರಿ? ಮಾತೂ ಇಲ್ಲ, ಕೂಳೂ ಇಲ್ಲ. ಅವರಪ್ಪ ಹೋದಾಗಿಂದ ಹಿಂಗ ಅದಾಳ.”

ಹುಲುಗಮ್ಮ ಅಮ್ಮನ ಬೆನ್ನ ಹಿಂದೆ ನಿಂತಿದ್ದಳು. ಹಾಲುಹಲ್ಲು ಬಿದ್ದು ಹೊಸದು ಅರ್ಧ ಬಂದ ವಯಸ್ಸು. ಪಂಪಮ್ಮ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಸುರುಳಿ ಸುತ್ತಿ ಅವಳ ಕೈಗಿಟ್ಟು, ಸೆರಗಿನಿಂದ ಅವಳ ಮೂಗು ಒರೆಸಿದಳು. ಹುಡುಗಿ ಬಾಯಿ ತೆರೆದಳು. ತಿನ್ನುವುದಕ್ಕೆಂದು ಪಂಪಮ್ಮ ತಿಳಿದಳು. ಆದರೆ ಹುಡುಗಿ ಅಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

“ನಡಿ,” ಎಂದು ಪಂಪಮ್ಮ ಎದ್ದಳು. “ಇವತ್ತು ನಿಮ್ಮ ಮನಿ ಗ್ವಾಡಿ ಬೀಳಂಗಿಲ್ಲ.”

*

ಮನೆಯ ಮುಂದೆ ಮಣ್ಣಿನ ಗಡಿಗೆಗಳು, ಬೀಸುವ ಕಲ್ಲು, ಒಂದು ತೊಟ್ಟಿಲು, ಹರಿದ ಕೌದಿ, ಎಲ್ಲವೂ ಬೀದಿಗೆ ಬಂದಿದ್ದವು. ಇಬ್ಬರು ಕೂಲಿಯವರು ಹಾರೆ ಹಿಡಿದು ಎದುರಿನ ಬೇವಿನ ಗಿಡದ ನೆರಳಿನಲ್ಲಿ ಬೀಡಿ ಸೇದುತ್ತಿದ್ದರು. ಹತ್ತಿ ವ್ಯಾಪಾರಿ ಸಿದ್ದಬಸಪ್ಪ ಕೊಡೆ ಹಿಡಿದು ನಿಂತಿದ್ದ. ಮನೆ ಕೆಡವಿ ಆ ಜಾಗದಲ್ಲಿ ಹತ್ತಿಯ ಅಂಡಿಗೆ ಇಡುವ ಗೋದಾಮು ಕಟ್ಟುವುದು ಅವನ ಲೆಕ್ಕ.

“ಏ ಪಂಪಮ್ಮ, ನೀ ಯಾಕ ಬಿಸಲಾಗ ಬಂದಿ? ನಾ ಯಾರ ಹೊಟ್ಟಿ ಮ್ಯಾಲೂ ಹೊಡ್ಯಾವ ಅಲ್ಲ. ಅವ ಮಾರ್ಯಾನ, ನಾ ತಗೊಂಡೀನಿ.”

“ಯಾರ ಮುಖಾಂತರ ತಗೊಂಡ್ರಿ, ಸಾವ್ಕಾರ್ರ?”

“ಸಂಘದವ್ರ ಮುಖಾಂತರ. ಮರಿಬಸಪ್ಪ.”

ಹಿಂದೆ ಪಕೀರಪ್ಪನಿಗೆ ಈ ಮನೆ ಕೊಡಿಸಿದ್ದವನೂ ಮರಿಬಸಪ್ಪನೇ. ಮನೆ ಹೊಲ ಕೊಡಿಸುವ ದಲ್ಲಾಳಿಗಳ ಸಂಘದಲ್ಲಿ ಅವನಿಗೆ ಒಳ್ಳೆಯ ಹೆಸರು.

“ಮರಿಬಸಪ್ಪ ತಾನ ಬಂದಿದ್ದನ?”

“ಅವನ ಕಡಿಂದ ಶ್ರೀರಾಮುಲು ಬಂದಿದ್ದ. ಯಾರಾದ್ರ ಏನು? ಅವನೂ ದಿನಾ ಸಂಘದ ಜಗಲಿ ಮ್ಯಾಲ ಕುಂತಿರತಾನ. ಎಲ್ಲಾ ಒಂದ.”

ಪಂಪಮ್ಮ ನಕ್ಕಳು. ಅವಳ ತಂದೆ ಆ ಸಂಘ ಕಟ್ಟಿದವರಲ್ಲಿ ಒಬ್ಬರು. ಅವರು ಹೇಳುತ್ತಿದ್ದ ಮಾತು ಅವಳಿಗೆ ಬಾಯಿಪಾಠ.

“ಕುರಿ ಕಾಯೋರೆಲ್ಲಾ ಕಂಬಳಿ ಹೊದೀತಾರ, ಸಾವ್ಕಾರ್ರ. ಕಂಬಳಿ ಹೊದ್ದೋರೆಲ್ಲಾ ಕುರಿ ಕಾಯಂಗಿಲ್ಲ. ಸಂಘದವ್ರೆಲ್ಲಾ ದಲ್ಲಾಳಿಗಳ, ಖರೇ. ದಲ್ಲಾಳಿ ಆದವ್ರೆಲ್ಲಾ ಸಂಘದವ್ರಲ್ಲ. ಇರಲಿ. ನಾಕೂ ದಿಕ್ಕಿನ ಗಡಿ ನಡದು ತೋರಿಸಿದ್ರ? ಆಜುಬಾಜು ಮನಿಯವ್ರನ್ನ ಕರದಿದ್ರ?”

“ಇಲ್ಲ.”

“ಬೆಲಿ ಯಾರ ಮುಂದ ಹೇಳಿದ್ರು?”

“ಹೇಳಾದು ಏನೈತಿ? ವಲ್ಲಿ ಕೆಳಗ ಆತು. ಶ್ರೀರಾಮುಲು ಮಾರಾವನ ಕೈ ಹಿಡದು ಬಂದ, ಆಮ್ಯಾಲ ನನ್ನ ಅಂಗಡಿಗೆ ಬಂದು ನನ್ನ ಕೈ ಹಿಡದ. ಬರೋಬ್ಬರಿ ಆತು.”

ಸಿದ್ದಬಸಪ್ಪನ ತಪ್ಪು ಹತ್ತಿ ವ್ಯಾಪಾರಿ ಮಾತ್ರ ಮಾಡಬಹುದಾದ ತಪ್ಪು. ಹತ್ತಿ ಪೇಟೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳುವವನು ದಡ್ಡ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಕೂಡಿಸುತ್ತಾರೆ. ಕಿರುಬೆರಳಿನಿಂದ ಶುರು, ಒಂದೊಂದು ಬೆರಳಿಗೆ ಬೆಲೆ ಒಂದೊಂದು ಮೆಟ್ಟಿಲು ಮೇಲೆ. ಪಕ್ಕದಲ್ಲಿ ನಿಂತವನಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ಆದರೆ ಮನೆ ಹೊಲದ ಸಂಘದವರು ಅದನ್ನು ತಮ್ಮ ಜಗಲಿಯಿಂದ ಆಚೆ ಇಟ್ಟಿದ್ದರು. ಅಲ್ಲಿ ಮಾರುವವನೂ ಕೊಳ್ಳುವವನೂ ಎದುರುಬದುರು ಕೂಡಬೇಕು, ಬೆಲೆ ಎಲ್ಲರಿಗೂ ಕೇಳುವಂತೆ ಹೇಳಬೇಕು. ಹತ್ತಿಗೆ ವಲ್ಲಿ, ಮನೆಗೆ ಬಾಯಿ.

“ಹಂಗಾದ್ರ ಇದನ್ನ ಮಾಡಿದಾವ ಮರಿಬಸಪ್ಪ ಅಲ್ಲ,” ಎಂದಳು ಪಂಪಮ್ಮ. “ಸಂಘದಾವ ವಲ್ಲಿ ಹಾಸಂಗಿಲ್ಲ. ಅವನ ಹೆಸರು ಯಾರೋ ಎರವಲು ತಗೊಂಡಾರ.”

“ಕರಾರಿಗೆ ಹೆಬ್ಬೆಟ್ಟು ಬಿದ್ದೈತಲ್ಲವ್ವ.”

“ಹೆಬ್ಬೆಟ್ಟು ಯಾರದಾದ್ರೂ ನಿಮ್ಮ ಕಣ್ಣಿಗೆ ಒಂದ ತರ. ಅದನ್ನ ಓದೋರು ಮದ್ರಾಸಿನಾಗ ಅದಾರ. ಅಲ್ಲಿಗೆ ಹೋಗಿ ಬರೋದ್ರಾಗ ನಿಮ್ಮ ಗೋದಾಮಿಗೆ ಛಾವಣಿ ಬಿದ್ದಿರತೈತಿ.”

ಮಾತಾಡುತ್ತಲೇ ಅವಳ ಕಣ್ಣು ಬೀದಿಯ ಸಾಮಾನಿನ ಮೇಲೆ ಓಡುತ್ತಿತ್ತು. ತೊಟ್ಟಿಲಿನ ಪಕ್ಕ ಒಂದು ಕೊಡಲಿ ಬಿದ್ದಿತ್ತು. ಅದರ ಕಾವಿಗೆ ಹಿಡಿಯುವ ಜಾಗದಲ್ಲಿ ಚಿಂದಿ ಬಟ್ಟೆ ಸುತ್ತಿ, ಮೇಲೆ ಹುರಿ ಬಿಗಿದು ದಪ್ಪ ಮಾಡಿದ್ದರು. ಪಂಪಮ್ಮ ಅದನ್ನು ಎತ್ತಿಕೊಂಡು ತನ್ನ ಕೈಯಲ್ಲಿ ಹಿಡಿದು ನೋಡಿದಳು. ಐದೂ ಬೆರಳಿರುವ ಕೈಗೆ ಅದು ವಿಪರೀತ ದಪ್ಪ.

“ಭೀಮಕ್ಕ, ಇದಕ್ಕ ಬಟ್ಟಿ ಯಾಕ ಸುತ್ಯಾನ?”

ಭೀಮಕ್ಕ ತಲೆ ತಗ್ಗಿಸಿದಳು. “ಬಲಗೈ ಎರಡು ಬೆರಳು ಹತ್ತಿ ಬಿಡಿಸೋ ಜಿನ್ ತಿಂದೈತ್ರಿ. ಕಿರುಬೆರಳು, ಅದರ ಬಾಜೂದು. ಹಿಡಿತ ಸಿಗಲಿ ಅಂತ ಸುತ್ತಿಕೊಂಡಾನ. ನಾಚಿಕಿ ಅವನಿಗೆ. ಕೈ ಯಾವಾಗಲೂ ಕಂಬಳಿಯೊಳಗ ಇಟ್ಟಕೊಂಡಿರತಾನ. ಕುರಿ ಕಾದಾವ ಮಿಷನ್ನಿಗೆ ಕೈ ಕೊಟ್ಟ ಅಂತ ನಗತಾರಂತ.”

ಪಂಪಮ್ಮ ಕೊಡಲಿಯನ್ನು ಮೆಲ್ಲಗೆ ಕೆಳಗಿಟ್ಟಳು. ಹಾಲು ಉಕ್ಕುವ ಮುಂಚೆ ಪಾತ್ರೆಯ ಅಂಚು ಸದ್ದು ಮಾಡುತ್ತದಲ್ಲ, ಅಂಥ ಸದ್ದು ಅವಳ ಎದೆಯಲ್ಲಿ.

“ಸಾವ್ಕಾರ್ರ, ಗಿರಣಿ ಮಧ್ಯಾಹ್ನದ ಸೀಟಿ ಊದೋತನಕ ಹಾರಿ ಎತ್ತಸಬ್ಯಾಡ್ರಿ. ನೀವೂ ನನ್ನ ಕೂಡ ಬರ್ರಿ. ನನ್ನ ಮಾತು ಸುಳ್ಳಾದ್ರ ಮೊದಲನೇ ಹಾರಿ ಏಟು ನಾನ ಹಾಕತೀನಿ.”

ಸಿದ್ದಬಸಪ್ಪ ಕೊಡೆ ಮಡಚಿದ. “ನಿಮ್ಮಪ್ಪನೂ ಹಿಂಗ ಇದ್ದ. ಕೇಳಾವನಿಗೆ ಇಲ್ಲ ಅನ್ನಾಕ ಜಾಗ ಬಿಡತಿರಲಿಲ್ಲ.”

*

ದಾರಿಯಲ್ಲಿ ಹುಲುಗಮ್ಮ ಪಂಪಮ್ಮನ ಸೆರಗು ಹಿಡಿದು ನಡೆದಳು. ರೊಟ್ಟಿ ಇನ್ನೂ ಅವಳ ಇನ್ನೊಂದು ಕೈಯಲ್ಲೇ ಇತ್ತು.

“ಅವನು ಹೊರಟಾಗ ಯಾರರೆ ಕರಿಯಾಕ ಬಂದಿದ್ರೇನು?” ಎಂದು ಪಂಪಮ್ಮ ಕೇಳಿದಳು.

“ಇಲ್ರಿ, ಒಬ್ಬನ ಹೋದ,” ಎಂದಳು ಭೀಮಕ್ಕ. “ನಾ ಒಲಿ ಮುಂದ ಇದ್ದೆ. ಈಕಿ ಬಾಗಲಾಗ ನಿಂತು ‘ಅಪ್ಪಾ, ಎಲ್ಲಿಗೆ’ ಅಂದ್ಲು. ಹೊರಟೋರನ್ನ ಎಲ್ಲಿಗೆ ಅಂತ ಕೇಳತಾರೇನ್ರಿ? ಒಳಗಿಂದನ ಬೈದೆ. ನೀ ಕೇಳಿದ್ದಕ್ಕ ಬರಲಿಲ್ಲ ನೋಡು ಅಂತ ಆಮ್ಯಾಲೂ ಒಂದು ಮಾತು ಅಂದುಬಿಟ್ಟೆ. ಹೊಟ್ಟಿಯಾಗಿನ ಬೆಂಕಿ, ಬಾಯಾಗ ಬಂತು.”

ಪಂಪಮ್ಮ ಬಗ್ಗಿ ಹುಡುಗಿಯ ತಲೆ ಸವರಿದಳು. ಎಳೆಯ ಮಕ್ಕಳ ಮೇಲೆ ಇಡುವ ಭಾರವನ್ನು ಯಾವ ತಕ್ಕಡಿಯೂ ತೂಗುವುದಿಲ್ಲ. ಅವಳಿಗೆ ಸಮಾಧಾನ ಹೇಳಬೇಕು ಎಂದುಕೊಂಡಳು. ಆದರೆ ಸಂಘದ ಜಗಲಿ ಎದುರಿಗೇ ಬಂದಿತ್ತು.

ಬೇವಿನ ಮರದ ಕೆಳಗೆ ಉದ್ದನೆಯ ಕಲ್ಲಿನ ಜಗಲಿ. ಸದಸ್ಯರು ಮೇಲೆ ಕೂತಿದ್ದರು. ಮರಿಬಸಪ್ಪ ಒಂದು ತುದಿಯಲ್ಲಿ ಬಾಡಿದ ಮುಖ ಹೊತ್ತು ಕೂತಿದ್ದ. ಈ ಮಾರಾಟದಲ್ಲಿ ಅವನ ಹೆಸರು ಬಂದದ್ದಕ್ಕೆ ಅವನನ್ನು ಇವತ್ತು ಸಂಘದಿಂದ ಹೊರಗೆ ಹಾಕುವ ಮಾತಿತ್ತು. ಶ್ರೀರಾಮುಲು ಜಗಲಿಯ ಮೆಟ್ಟಿಲ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ.

“ಪಂಪಮ್ಮ ಬಂದ್ಲು,” ಎಂದರು ಒಬ್ಬ ಹಿರಿಯರು. “ಯಾರದೋ ಗಂಟು ಬಿಚ್ಚತೈತಿ. ನಿಮ್ಮ ನಿಮ್ಮ ಗಂಟು ಹಿಡಕೊಳ್ರಪ್ಪ.”

“ಮರಿಬಸಪ್ಪನ ಗಂಟು ಬಿಗಿ ಮಾಡಿ ಕಟ್ಟಾಕ ಬಂದೀನಿ, ದೊಡ್ಡಪ್ಪ. ಅವ ತಪ್ಪು ಮಾಡಿಲ್ಲ.”

ಮರಿಬಸಪ್ಪ ಕೈ ಮುಗಿದ. “ನೀವೊಬ್ರ ನಂಬಿದ್ರಿ, ಅಕ್ಕಾರ.”

ಪಂಪಮ್ಮ ಮೆಟ್ಟಿಲ ಕಡೆ ತಿರುಗಿದಳು. “ಶ್ರೀರಾಮುಲು, ನೀ ಈ ಜಗಲಿಯವನೇನು?”

“ಏಮಮ್ಮಾ, ನಾ ದಲ್ಲಾಳಿ ಅಲ್ಲಂತೀರೇನು?”

“ದಲ್ಲಾಳಿ ಹೌದು. ಸಂಘದಾವ ಅಲ್ಲ.”

“ತೇಡಾ ಏಮಿಟಿ? ಫರಕು ಏನೈತಿ ಹೇಳ್ರಿ. ಅವರೂ ಮನಿ ತೋರಸ್ತಾರ, ನಾನೂ ತೋರಸ್ತೀನಿ. ಅವರ ಕಾಲೂ ಸವೀತಾವ, ನನ್ನ ಕಾಲೂ ಸವೀತಾವ. ಸಂಘದ ಬಾಗಲ ಚಂದಾ ಕೊಟ್ಟವ್ರಿಗೆ ತೆರೀತೈತಿ, ನನಗ ತೆರ್ಯಂಗಿಲ್ಲ. ಅಷ್ಟ.”

“ಅಷ್ಟ ಅಲ್ಲ. ಅವರು ಸೇರೂ ದಿನ ಬಸವಣ್ಣನ ಮುಂದ ಆಣಿ ಮಾಡತಾರ. ಮಾರಾವನ ಮುಖ ಆಜುಬಾಜು ಮನಿಯವ್ರಿಗೆ ತೋರಿಸೇ ವ್ಯಾಪಾರ ಮಾಡತೀನಿ ಅಂತ. ಎರಡೂ ಕಡಿ ದಲ್ಲಾಳಿ ದುಡ್ಡು ತಿನ್ನಂಗಿಲ್ಲ ಅಂತ. ನೀ ಯಾರ ಮುಂದ ಆಣಿ ಮಾಡೀದಿ?”

“ನನ್ನ ಹೊಟ್ಟಿ ಮುಂದ.” ಶ್ರೀರಾಮುಲು ಎಲೆ ಉಗಿದು ಬಾಯಿ ಒರೆಸಿಕೊಂಡ. ಅವನ ಮಾತಿನಲ್ಲಿ ಅಂಜಿಕೆ ಇರಲಿಲ್ಲ. “ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಆಣಿ ಮಾಡಿದವ್ರಿಗೆ ಮಾಡಬಾರದ ವ್ಯಾಪಾರ ಬಂದಾಗ ಏನ್ ಮಾಡತಾರ? ಬಿಟ್ಟಬಿಡತಾರೇನು? ಸಂಜಿಮುಂದ ನನ್ನಂಥಾವನ ಮನಿ ಬಾಗಲ ಬಡೀತಾರ. ವಲ್ಲಿ ನಂದು, ಪಾಲು ಇಬ್ಬರದು.”

ಜಗಲಿಯ ಮೇಲಿದ್ದ ನಗು ತಣ್ಣಗಾಯಿತು. ಒಬ್ಬರು ಕೆಮ್ಮಿದರು. ಪಂಪಮ್ಮ ಆ ಮಾತನ್ನು ಕಸದ ಜೊತೆ ಗುಡಿಸಿಬಿಟ್ಟಳು. ಸಿಕ್ಕಿಬಿದ್ದವನು ಎದುರಿನವನ ಮೈಗೂ ಕೆಸರು ಹಚ್ಚುವುದು ಹೊಸದಲ್ಲ.

“ಇರಲಿ. ಪಕೀರಪ್ಪನ ಕೈ ಹೆಂಗ ಹಿಡದಿ, ಅದನ್ನ ತೋರಸು.”

“ಯಾಕ?”

“ಸಾವ್ಕಾರ್ರು ನೋಡಬೇಕಂತಾರ. ಮರಿಬಸಪ್ಪ, ನೀ ಸ್ವಲ್ಪ ಮಾರಾವ ಆಗು. ಇವನ ಮುಂದ ಕೂಡು.”

ಮರಿಬಸಪ್ಪ ಎದ್ದು ಬಂದು ಮೆಟ್ಟಿಲ ಮೇಲೆ ಕೂತ. ಬಲಗೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಹೆಬ್ಬೆಟ್ಟನ್ನು ಒಳಗೆ ಮಡಚಿ ಇಟ್ಟ. ಹತ್ತಿ ಪೇಟೆಯಲ್ಲಿ ಪಳಗಿದವರು ಹಾಗೆ ಇಡುತ್ತಾರೆ. ಪಂಪಮ್ಮನ ಕಣ್ಣು ಅದರ ಮೇಲೆ ಒಂದು ಗಳಿಗೆ ನಿಂತಿತು, ಆಮೇಲೆ ಮುಂದೆ ಹೋಯಿತು. ಅವಳು ಕಾಯುತ್ತಿದ್ದದ್ದು ಶ್ರೀರಾಮುಲುವಿನ ಬಾಯಿಗೆ.

ಶ್ರೀರಾಮುಲು ವಲ್ಲಿ ಹಾಸಿದ. ಬಟ್ಟೆ ಅಲುಗಿತು.

“ಹಿಂಗ ಕುಂತಿದ್ದ. ತಲಿ ತುಂಬ ಕಂಬಳಿ, ಮುಂಜಾನಿ ಥಂಡಿ. ಕಿರುಬೆರಳಿಂದ ಶುರು ಮಾಡಿದೆ, ತಲಿ ಅಲ್ಲಾಡಿಸಿದ. ಅದರ ಬಾಜೂದು ಸೇರಿಸಿದೆ, ಆಗೂ ಅಲ್ಲಾಡಿಸಿದ. ನಡುವಿಂದು, ತೋರುಬೆರಳು. ಕಡೀಗೆ ಅಂಗೈ ಪೂರ್ತಿ ಹಿಡದೆ. ಹಿಡದ ಕೂಡಲೆ ತಿರುಗಿ ಅಮುಕಿದ. ವ್ಯಾಪಾರ ಆತು.”

“ಐದೂ ಬೆರಳು ನಿನ್ನ ಕೈಗೆ ಹತ್ತಿದ್ವು?”

“ಹತ್ತಲೇಬೇಕಲ್ಲಮ್ಮಾ. ಈ ಬೆರಳಿಗೆ ಕಣ್ಣು ಅದಾವ. ಇದರಾಗ ನನಗ ಯಾರೂ ಮೋಸ ಮಾಡಾಕ ಆಗಂಗಿಲ್ಲ.”

“ಭೀಮಕ್ಕ,” ಎಂದಳು ಪಂಪಮ್ಮ, “ನಿನ್ನ ಗಂಡನ ಬಲಗೈ ಹೆಂಗೈತಿ, ಹೇಳವ್ವ.”

ಭೀಮಕ್ಕ ಇಷ್ಟು ಜನ ಗಂಡಸರ ಮುಂದೆ ಎಂದೂ ಬಾಯಿ ತೆರೆದವಳಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ತನ್ನ ಬಲಗೈಯನ್ನು ಎತ್ತಿದಳು. ಕಿರುಬೆರಳನ್ನೂ ಪಕ್ಕದ ಬೆರಳನ್ನೂ ಅಂಗೈಯೊಳಗೆ ಮಡಚಿಟ್ಟುಕೊಂಡು ಉಳಿದದ್ದನ್ನು ತೋರಿಸಿದಳು.

“ಹಿಂಗೈತ್ರಿ. ನಾಕು ವರ್ಷ ಆತು. ಜಿನ್ನಿನಾಗ ಹೋದ್ವು.”

ಸಿದ್ದಬಸಪ್ಪ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ಹಂಗಾದ್ರ ನಾ ಯಾರ ಮನಿ ತಗೊಂಡೆ?” ಎಂದು ತನ್ನಷ್ಟಕ್ಕೆ ಕೇಳಿಕೊಂಡ.

“ಮನಿ ಪಕೀರಪ್ಪಂದು. ಕೈ ಬ್ಯಾರೆಯವಂದು,” ಎಂದಳು ಪಂಪಮ್ಮ. “ಸಾವ್ಕಾರ್ರ, ನಿಮ್ಮ ಕೂಲಿಯವ್ರಿಗೆ ಹೇಳಿ ಕಳಸ್ರಿ, ಸಾಮಾನು ತಿರುಗಿ ಒಳಗ ಇಡಲಿ. ಬೀಸೋಕಲ್ಲು ಹುಷಾರು, ಅದು ಆಕಿ ತವರಿಂದ ಬಂದದ್ದು.”

ಸಿದ್ದಬಸಪ್ಪ ತಲೆಯಾಡಿಸಿ, ಪಕ್ಕದಲ್ಲಿ ನಿಂತಿದ್ದ ತನ್ನ ಗುಮಾಸ್ತನನ್ನು ಓಡಿಸಿದ. ಭೀಮಕ್ಕ ಅಲ್ಲೇ ನೆಲಕ್ಕೆ ಕೂತು ಮುಖ ಮುಚ್ಚಿಕೊಂಡಳು. ಮನೆ ಉಳಿಯಿತು. ಗಂಡ ಮನೆ ಮಾರಿ ಓಡಿಹೋದ ಎನ್ನುವ ಮಾತೂ ಅಲ್ಲಿಗೆ ಸತ್ತಿತು. ಆದರೆ ಅವನು ಓಡಿಹೋಗಿಲ್ಲವೆಂದರೆ, ಇಷ್ಟು ದಿನ ಎಲ್ಲಿದ್ದಾನೆ?

ಶ್ರೀರಾಮುಲುವಿನ ಮುಖದ ಬಣ್ಣ ಇಳಿದಿತ್ತು. ತನ್ನ ಬೆರಳುಗಳನ್ನೇ ಬೇರೆಯವರದೆಂಬಂತೆ ನೋಡಿಕೊಳ್ಳುತ್ತಿದ್ದ. ಅದು ಸಿಕ್ಕಿಬಿದ್ದ ಕಳ್ಳನ ಮುಖವಲ್ಲ, ಮೋಸಹೋದ ವ್ಯಾಪಾರಿಯ ಮುಖ. ಪಂಪಮ್ಮ ಅದನ್ನು ನೋಡಿದಳು, ಮೊದಲ ಸಲ ಅವಳ ಲೆಕ್ಕ ಎಲ್ಲೋ ತಪ್ಪಿದಂತೆ ಅನಿಸಿತು.

“ದೇವುಡಿ ಮೀದ ಆಣೆ, ಅಮ್ಮಾ. ದೇವರ ಮ್ಯಾಲ ಆಣಿ, ಇವನ ಪಕೀರಪ್ಪ ಅಂತ ನನಗ ತೋರಿಸಿದ್ರು. ನಾ ಪಕೀರಪ್ಪನ ಮುಖ ಎಂದೂ ಕಂಡಾವ ಅಲ್ಲ. ಗಡಿ ನಡ್ಯೋಣ, ಬಾಜೂ ಮನಿಯವ್ರನ್ನ ಕರ್ಯೋಣ ಅಂತ ನಾನೂ ಅಂದೆ. ‘ನಾ ಬಲ್ಲೆ, ನೀ ಕೈ ಹಿಡಿ’ ಅಂದ್ರು.”

“ಯಾರು ಅಂದ್ರು?”

“ಹೇಳಿದ್ರ ನಂಬತೀರೇನು? ನಾ ಮೆಟ್ಟಲ ಮ್ಯಾಲಿನಾವ. ಅವರು ಜಗಲಿ ಮ್ಯಾಲಿನಾವ್ರು.”

“ಹೆಸರು ಹೇಳು.”

“ನಾ ಸಾವ್ಕಾರ್ರಿಗೆ ಮೊದಲ ದಿನನ ಹೇಳೀನಿ, ಯಾರ ಕಡಿಂದ ಬಂದೀನಿ ಅಂತ. ನೀವ ಅದನ್ನ ಸುಳ್ಳು ಮಾಡಿದ್ರಿ.”

ಪಂಪಮ್ಮ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಸೆರಗು ಹಗುರಾಯಿತು. ಹುಲುಗಮ್ಮ ಕೈ ಬಿಟ್ಟಿದ್ದಳು.

ಹುಡುಗಿ ಅಮ್ಮನನ್ನು ದಾಟಿದಳು, ಶ್ರೀರಾಮುಲುವನ್ನು ದಾಟಿದಳು. ಮೆಟ್ಟಿಲ ಮೇಲೆ ಇನ್ನೂ ಕೈ ಚಾಚಿಕೊಂಡೇ ಕೂತಿದ್ದ ಮರಿಬಸಪ್ಪನ ಮುಂದೆ ನಿಂತಳು. ಅವನು ಅವಳನ್ನು ನೋಡಿ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

“ಮಾಮಾ,” ಎಂದಳು ಹುಲುಗಮ್ಮ. ಬಹಳ ದಿನ ಮುಚ್ಚಿಟ್ಟ ದನಿ ಒಡಕಾಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. “ಅವತ್ತು ನಮ್ಮ ಮನಿ ಮುಂದಿನ ಬೇವಿನ ಗಿಡದ ಹಿಂದ ನಿಂತು ಅಪ್ಪನ್ನ ನೀನ ಕೈಸನ್ನಿ ಮಾಡಿ ಕರದ್ಯಲ್ಲ. ಅಪ್ಪನ್ನ ಎಲ್ಲಿ ಬಿಟ್ಟು ಬಂದಿ?”